ಪೈಪೋಟಿ ಬಂದರೆ ಆಕಾಶವಾಣಿ, ದೂರದರ್ಶನದ ಸುದ್ದಿ ಸರಿಯಾಗುತ್ತದಾ?

ಕದ್ರಿಗುಡ್ಡೆ:
ನಮ್ಮ ಮನೆಯಲ್ಲಿ ಬೆಳಿಗ್ಗೆ ಈಗಲೂ ಆಕಾಶವಾಣಿಯ ಪ್ರದೇಶ ಸಮಾಚಾರ ಹಾಕುತ್ತಾರೆ. ಮಂತ್ರಿ ಹೇಳಿದರು, ಮಂತ್ರಿ ಉದ್ಘಾಟಿಸಿದರು, ಅಷ್ಟೇ. ಖಾಸಗಿಯವರು ಮುಂದೆ ಬಂದು ನಿಂತರೆ ಇವರು ತಾವಾಗಿಯೇ ದಾರಿಗೆ ಬರುತ್ತಾರೆ ಅಂತ ದೊಡ್ಡಪ್ಪನ ವಾದ. ನಿಜವಾ?

ಬ್ರಹ್ಮಾವರದವ:
ರೇಡಿಯೊದಲ್ಲಿ ಪೈಪೋಟಿ ಎಲ್ಲುಂಟು ಮಾರಾಯ್ರೆ? ಮಂಗಳೂರಿನಲ್ಲಿ ಎಫ್‌ಎಂ ತಿರುಗಿಸುತ್ತಾ ಹೋಗಿ, ಹಾಡು, ಜೋಕು, ಚಿನ್ನದಂಗಡಿ ಜಾಹೀರಾತು ಸಿಗುತ್ತದೆ, ಸುದ್ದಿ ಸಿಗುವುದಿಲ್ಲ. ಖಾಸಗಿ ಎಫ್‌ಎಂನವರು ಸ್ವಂತ ವಾರ್ತೆ ಮಾಡುವ ಹಾಗೇ ಇಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಒಂದಕ್ಷರ ಬದಲಿಸದೆ ಹಾಕಬಹುದು. ಇನ್ನು ಜಾಹೀರಾತು ಹೊಸದೇನಲ್ಲ. ವಿವಿಧ ಭಾರತಿಗೆ 1967ರಲ್ಲೇ ಬಂತು, ದೂರದರ್ಶನಕ್ಕೆ 1976ರಲ್ಲಿ, ಮಂಗಳೂರು ಆಕಾಶವಾಣಿ ಶುರುವಾದ ವರ್ಷವೇ. 1990ರ ದಶಕದಲ್ಲಿ ಕೇಬಲ್ ಬಂದು ನೋಡುಗರು ಅತ್ತ ಹೋದಾಗ ದೂರದರ್ಶನ ಸಿನಿಮಾ, ಧಾರಾವಾಹಿ ಜಾಸ್ತಿ ಮಾಡಿತು. ಸುದ್ದಿ ಮಾತ್ರ ಹಾಗೇ ಉಳಿಯಿತು.

ಮಲ್ಪೆ ಬಂದರು:
ಒಂದು ಬಿಟ್ಟಿರಿ. ದೂರದರ್ಶನದವರ ಫ್ರೀ ಡಿಶ್! ತಿಂಗಳ ದುಡ್ಡು ಇಲ್ಲ ಅಂತ ನಮ್ಮ ಓಣಿಯಲ್ಲೂ ಮಾಡಿನ ಮೇಲೆ ಆ ಸಣ್ಣ ಬುಟ್ಟಿ ಕೂತಿದೆ. ಅದರಲ್ಲಿ ಜಾಗಕ್ಕೆ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಕೋಟಿಗಟ್ಟಲೆ ಸುರಿಯುತ್ತವೆ. 2019ರಲ್ಲಿ ದೊಡ್ಡ ದೊಡ್ಡ ಚಾನೆಲ್‌ಗಳು ಬಿಟ್ಟು ಹೋದವು, ಹಳ್ಳಿಯ ನೋಡುಗರು ಕೈತಪ್ಪಿದರು ಅಂತ 2020ರಲ್ಲಿ ವಾಪಸ್ ಬಂದವು. ಅಂದರೆ ದೂರದರ್ಶನ ಈಗ ಬಿಲ್ಡಿಂಗ್ ಮಾಲೀಕ, ಬಾಡಿಗೆಗಿರುವವರು ಒಳಗೆ ಕೂತು ಕಿರುಚುತ್ತಾರೆ. ಇತ್ತ ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿ 1997ರಲ್ಲಿ ಸ್ವಾಯತ್ತ ಅಂತ ಆಯಿತು, ಆದರೆ ಸಂಬಳದ ದುಡ್ಡು ಬರುವುದು ಸರ್ಕಾರದಿಂದಲೇ. ಹೀಗಿರುವಾಗ ಮಂತ್ರಿಯ ಸುದ್ದಿ ಹಿಂದೆ ಹೋಗುತ್ತದಾ? ಇನ್ನು ಪೂರ್ತಿ ಮಾರುಕಟ್ಟೆಗೇ ಬಿಟ್ಟರೆ ಮೀನುಗಾರರಿಗೆ ಕೊಡುವ ಗಾಳಿ-ಅಲೆ ಎಚ್ಚರಿಕೆಗೆ ಯಾವ ಸೋಪಿನವರು ದುಡ್ಡು ಕೊಡುತ್ತಾರೆ?

ಮಣಿಪಾಲ ಕ್ಯಾಂಟೀನ್:
ದೊಡ್ಡಪ್ಪನಿಗೆ ಚೀನಾದ ಕಥೆ ಹೇಳಿ. ಅಲ್ಲಿ 1979ರಲ್ಲಿ ಶಾಂಘೈ ಟಿವಿಯಲ್ಲಿ ಮೊದಲ ಜಾಹೀರಾತು ಬಂತು, ಯಾವುದೋ ಔಷಧಿ ಮದ್ಯದ್ದು. ಆಮೇಲೆ ಸರ್ಕಾರ ಪತ್ರಿಕೆಗಳಿಗೆ ಕೊಡುವ ದುಡ್ಡು ಕಡಿಮೆ ಮಾಡುತ್ತಾ ಬಂತು, ನೀವೇ ದುಡಿದುಕೊಳ್ಳಿ ಅಂತ. ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯವರೇ ಊರ ಸುದ್ದಿ, ಕ್ರೈಮು, ಮನೆ ಬೆಲೆ, ಸಿನಿಮಾ ತುಂಬಿದ ಪೇಪರ್ ತೆಗೆದು ಚೆನ್ನಾಗಿ ಮಾರಿದರು. ಕೆಲವು ಕಡೆ ಸಣ್ಣ ಅಧಿಕಾರಿಗಳ ಹುಳುಕೂ ಹೊರಬಂತು, ಅದನ್ನು ಇಲ್ಲ ಅನ್ನಬಾರದು. ಆದರೆ ಮೇಲಿನವರ ತಂಟೆಗೆ ಹೋಗುವ ಹಾಗಿಲ್ಲ, ಅದು ಅಂದೂ ಇಂದೂ ಒಂದೇ.

ಕದ್ರಿಗುಡ್ಡೆ:
ಹಾಗಾದರೆ ಬಿಬಿಸಿ ತರಹ ಜನರೇ ಲೈಸೆನ್ಸ್ ದುಡ್ಡು ಕಟ್ಟಿದರೆ?

ಬ್ರಹ್ಮಾವರದವ:
ಹಿಂದೆ ನಮ್ಮಲ್ಲೂ ಇತ್ತು. ಪೋಸ್ಟ್ ಆಫೀಸಿಗೆ ಪುಸ್ತಕ ತೆಗೆದುಕೊಂಡು ಹೋಗಿ ರೇಡಿಯೊಗೆ ದುಡ್ಡು ಕಟ್ಟಬೇಕಿತ್ತು. ಆಗಲೂ ಮಂತ್ರಿ ಉದ್ಘಾಟಿಸುತ್ತಲೇ ಇದ್ದರು.