ಭಾಮಿನಿ ಷಟ್ಪದಿ: ಮೂರನೇ ಸಾಲು 22 ಮಾತ್ರೆಗೇ ನಿಲ್ಲುತ್ತಿದೆ

ಮೈಸೂರಿನ ಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಾ ಭಾಮಿನಿಯಲ್ಲಿ (ಆರು ಸಾಲಿನ ಪದ್ಯದ ಒಂದು ಛಂದಸ್ಸು) ಪದ್ಯ ಕಟ್ಟುವ ಅಭ್ಯಾಸ ಮಾಡುತ್ತಿದ್ದೇನೆ. 1, 2ನೇ ಸಾಲು 14 ಮಾತ್ರೆಗೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಸರಿಹೋಗುತ್ತವೆ. 3ನೆಯದರಲ್ಲಿ ಒಂದು ಕಡಿಮೆ. ಏನು ತಪ್ಪು?

ಉತ್ತರ 1: 3, 6ನೇ ಸಾಲಿಗೆ 3+4 ಮಾತ್ರೆಯ ಗಣಗಳ (ಮಾತ್ರೆಗಳ ಗುಂಪು) ಜೋಡಿ ಮೂರು ಸಲ, ತುದಿಗೊಂದು ಗುರು (2 ಮಾತ್ರೆಯ ಅಕ್ಷರ); ಒಟ್ಟು 23. ತುದಿಯಲ್ಲಿ ಲಘು (1 ಮಾತ್ರೆಯ ಅಕ್ಷರ) ಬಿದ್ದರೂ ಗುರುವೆಂದೇ ಎಣಿಸಬೇಕು. ಬಹುಶಃ ನಿಮ್ಮ ಸಾಲು ಸರಿಯಾಗೇ ಇದೆ.

ಉತ್ತರ 2: ಒತ್ತಕ್ಷರದ ಹಿಂದಿನ ಅಕ್ಷರ ಗುರು, ಮರೆಯಬೇಡಿ: 'ಪುಸ್ತಕ' 4 ಮಾತ್ರೆ. ಆದರೆ ಎಣಿಕೆ ಕೂಡಿದ ಮಾತ್ರಕ್ಕೆ ಲಯ ಬರುವುದಿಲ್ಲ. 'ಗುಲಾಬಿ'ಯೂ 4 ಮಾತ್ರೆಯೇ, ಆದರೂ ಲಘುವಿನ ಬೆನ್ನಿಗೆ ಗುರು ಬಂದು ಗಣ ಶುರುವಾದರೆ ಓದು ಕುಂಟುತ್ತದೆ. ಗಟ್ಟಿಯಾಗಿ ಹಾಡಿ ನೋಡಿ, ಕಿವಿಗೇ ಗೊತ್ತಾಗುತ್ತದೆ.

ಉತ್ತರ 3: ಪ್ರಾಸಕ್ಕೆ ಆರು ಸಾಲಿನ ಮೊದಲ ಪದಗಳನ್ನು ಮುಂಚೆಯೇ ಆರಿಸಿಕೊಳ್ಳಿ. ಎರಡನೇ ವ್ಯಂಜನ ಒಂದೇ ಇರಲಿ: ಮರ, ಕೆರೆ, ತಿರುಗಿ. ನಡುವೆ 'ನೀರು' ತಂದರೆ ಕೆಡುತ್ತದೆ, ಮೊದಲಕ್ಷರ ದೀರ್ಘವಾಯಿತಲ್ಲ.