ಸ್ಕೂಲ್ ಮೊದಲ ದಿನದ ಫೋಟೋಗೆ ಫೆಲ್ಟ್ ಬಾವುಟ: ಕನ್ನಡ ಅಕ್ಷರ ಹೆಂಗೆ ಕಟ್ ಮಾಡೋದು, ಯಾವ ಅಂಟು ಹಾಕೋದು?

ಎಸ್ಐಟಿ ಬಡಾವಣೆ ಅಮ್ಮ:
ಎಲ್ರಿಗೂ ನಮಸ್ಕಾರ, ತುಮಕೂರಿಂದ. ಮೇ ಕೊನೇಲಿ ಸ್ಕೂಲ್ ಶುರು, ಮಗಳು ಮೂರನೇ ಕ್ಲಾಸು, ಮಗ ಎಲ್‌ಕೆಜಿ. ಪ್ರತಿ ವರ್ಷ ಗೇಟ್ ಹತ್ರ ನಿಲ್ಸಿ ಒಂದು ಫೋಟೋ ತೆಗೀತೀವಿ, ಈ ಸಲ ಇಬ್ರ ಕೈಗೂ ಒಂದೊಂದು ಬಾವುಟ ಕೊಡೋಣ ಅಂತ, ಉದ್ದಕ್ಕೆ ತ್ರಿಕೋನವಾಗಿ ತುದಿ ಚೂಪಾಗಿರುತ್ತಲ್ಲ ಅಂಥದ್ದು. ಆನ್‌ಲೈನಲ್ಲಿ ಸಿಗೋದೆಲ್ಲ ಇಂಗ್ಲಿಷಲ್ಲೇ ಇದೆ, ನಂಗೆ ಕನ್ನಡದಲ್ಲೇ ಬೇಕು. ಎಂ.ಜಿ. ರೋಡಲ್ಲಿ ಫೆಲ್ಟ್ ಕೊಡಿ ಅಂದ್ರೆ ಒಬ್ರು ಫೋಮ್ ಶೀಟ್ ತೋರಿಸ್ತಾರೆ ಇನ್ನೊಬ್ರು ವೆಲ್ವೆಟ್ ತೋರಿಸ್ತಾರೆ. ಯಾವುದು ತಗೊಳ್ಲಿ, ಅಕ್ಷರ ಹೆಂಗೆ ಕತ್ತರಿಸೋದು, ಫೆವಿಕಾಲ್ ನಡಿಯುತ್ತಾ? ಹೊಲಿಗೆ ಮಿಷನ್ ಇದೆ, ಆದ್ರೆ ನೇರ ಹೊಲಿಗೆ ಬಿಟ್ಟು ಬೇರೆ ಬರಲ್ಲ.

ಗುಬ್ಬಿ ಹುಡ್ಗಿ:
ಅಕ್ಕ, ಬೆರಳಲ್ಲಿ ಒತ್ತಿ ನೋಡಿ, ಮೆತ್ತಗೆ ಒಳಗೆ ಹೋಗಿ ವಾಪಸ್ ಎದ್ರೆ ಅದು ಫೋಮ್. ಫೆಲ್ಟ್ ಅಂದ್ರೆ ನೇಯ್ದಿರೋ ಬಟ್ಟೆ ಅಲ್ಲ, ನಾರನ್ನೆಲ್ಲ ಒತ್ತಿ ಒತ್ತಿ ಹಾಳೆ ಮಾಡಿರ್ತಾರೆ, ಅದಕ್ಕೇ ಎಲ್ಲಿ ಕತ್ತರಿಸಿದ್ರೂ ನೂಲು ಬಿಚ್ಚಲ್ಲ, ಅಂಚು ಮಡ್ಚಿ ಹೊಲಿಯೋ ಕೆಲ್ಸಾನೇ ಇಲ್ಲ. ವೆಲ್ವೆಟ್ಟೂ ಸ್ಯಾಟಿನ್ನೂ ತಗೊಂಡ್ರೆ ಅಂಚಿಗೇ ಅರ್ಧ ದಿನ ಹೋಗುತ್ತೆ, ಜೊತೆಗೆ ಫೋಟೋದಲ್ಲಿ ಮಿಂಚುತ್ತೆ, ಓದೋಕಾಗಲ್ಲ.

ಅಕ್ಷರಕ್ಕೆ ಪೆನ್ನಲ್ಲಿ ಬಟ್ಟೆ ಮೇಲೆ ಬರೀಬೇಡಿ, ಗೆರೆ ಹೋಗಲ್ಲ. ದಪ್ಪ ಫಾಂಟಲ್ಲಿ ಪ್ರಿಂಟ್ ತೆಗ್ಸಿ ಆ ಪೇಪರನ್ನ ಫೆಲ್ಟ್ ಮೇಲೆ ಸೆಲೋಟೇಪಲ್ಲಿ ಅಂಟಿಸಿ, ಎರಡನ್ನೂ ಒಟ್ಟಿಗೇ ಕತ್ತರಿಸಿ. ಅಕ್ಷರದ ಹೊಟ್ಟೆ ಒಳಗಿನ ತೂತು ಮೊದ್ಲು, ಹೊರಗಿನ ಗೆರೆ ಆಮೇಲೆ, ಉಲ್ಟಾ ಮಾಡಿದ್ರೆ ಹಿಡ್ಕೊಳೋಕೇ ಏನೂ ಇರಲ್ಲ. ಮತ್ತೆ ‘ಕ್ಲಾಸ್’ ಬದ್ಲು ‘ತರಗತಿ’ ಹಾಕಿ, ಕ್ಲಾ ಅಂದ್ರೆ ಕೆಳಗಿನ ಒತ್ತು ಬೇರೆ ತುಂಡಾಗಿ ಕೈಗೆ ಬರುತ್ತೆ, ತರಗತೀಲಿ ಆ ಕಾಟ ಇಲ್ಲ. ಇನ್ನೂ ಸುಲಭ ಬೇಕಂದ್ರೆ ಬರೀ ದೊಡ್ಡದಾಗಿ ೩ ಹಾಕಿ ಕೆಳಗೆ ವರ್ಷ ಹಾಕಿ ಬಿಟ್ಬಿಡಿ.

ಶಿರಾ ಟೈಲರ್:
ಮೇಡಂ, ಬಿಳಿ ಫೆವಿಕಾಲ್ ನೀರಿರುತ್ತೆ, ತೆಳು ಫೆಲ್ಟಿಗೆ ಹಾಕಿದ್ರೆ ಮುಂದೆಗಡೆ ಕಲೆ ಥರ ಕಾಣ್ಸುತ್ತೆ, ಒಣಗಿದ್ಮೇಲೆ ಗಟ್ಟಿಯಾಗಿ ಚಕ್ಕೆ ಥರ ಆಗುತ್ತೆ. ಫ್ಯಾಬ್ರಿಕ್ ಗ್ಲೂ ತಗೊಂಡು ಅಕ್ಷರದ ಹಿಂದೆ ತೆಳ್ಳಗೆ ಸವರಿ, ಅಂಚಿನವರೆಗೂ ಬೇಡ, ಒತ್ತಿದಾಗ ಅದೇ ಹರಡುತ್ತೆ, ಮೇಲೆ ದಪ್ಪ ಪುಸ್ತಕ ಇಟ್ಟು ರಾತ್ರಿ ಬಿಡಿ. ಗ್ಲೂ ಗನ್ನೂ ಹಿಡಿಯುತ್ತೆ, ಆದ್ರೆ ಮಕ್ಕಳ ಕೈಗೆ ಕೊಡ್ಬೇಡಿ, ಸುಡುತ್ತೆ. ಅಂಟಿಸೋ ಮುಂಚೆ ಎಲ್ಲಾ ಅಕ್ಷರ ಜೋಡ್ಸಿ ನೋಡ್ಕೊಳ್ಳಿ, ತುದಿ ಕಡೆ ಜಾಗ ಕಮ್ಮಿ ಆಗ್ತಾ ಹೋಗುತ್ತೆ, ಅಕ್ಷರಾನೂ ಅದರ ಲೆಕ್ಕಕ್ಕೆ ಚಿಕ್ಕದಾಗ್ಬೇಕು.

ಅಳತೆ ಮಗಳಿಗೆ 14 ಇಂಚು ಉದ್ದ 6 ಇಂಚು ಅಗಲ ಸಾಕು, ಚಿಕ್ಕವನಿಗೆ 10ಕ್ಕೆ 4. ಸ್ಟೇಷನರಿ ಅಂಗಡಿಯ ಎ4 ತುಂಡಲ್ಲಿ 14 ಬರಲ್ಲ, ಟೈಲರಿಂಗ್ ಮೆಟೀರಿಯಲ್ ಅಂಗಡೀಲಿ ಮೀಟರ್ ಲೆಕ್ಕದಲ್ಲಿ ಕೇಳಿ. ಅಲ್ಲೇ ಕಾಲರಿಗೆ ಹಾಕ್ತೀವಲ್ಲ ಬಕ್ರಂ, ಅದನ್ನೂ ಒಂದು ತುಂಡು ತಗೊಂಡು ಹಿಂದೆ ಅಂಟಿಸಿ, ಇಲ್ಲಾಂದ್ರೆ ಬಾವುಟ ಜೋತು ಬೀಳುತ್ತೆ. ಇಸ್ತ್ರಿ ಹಾಕೋ ಬಕ್ರಂ ಆದ್ರೆ ಹುಷಾರು, ಅಂಗಡೀಲಿ ಸಿಗೋ ಫೆಲ್ಟ್ ಬಹುತೇಕ ಪಾಲಿಯೆಸ್ಟರ್, ಜೋರು ಶಾಖಕ್ಕೆ ಕರಗಿ ಪೆಟ್ಟಿಗೆಗೇ ಹಿಡ್ಕೊಳ್ಳುತ್ತೆ. ಅಗಲ ಇರೋ ಕಡೆ ಒಂದೂವರೆ ಇಂಚು ಜಾಸ್ತಿ ಬಿಟ್ಟು ಹಿಂದಕ್ಕೆ ಮಡ್ಚಿ ಒಂದು ನೇರ ಹೊಲಿಗೆ, ಅದರೊಳಗೆ ಬಿದಿರು ಕಡ್ಡಿ ತೂರ್ಸಿ. ಕಡ್ಡಿ ತುದಿಗೆ ಟೇಪ್ ಸುತ್ತೋದು ಮರೀಬೇಡಿ, ಎಲ್‌ಕೆಜಿ ಮಗು ಪಕ್ಕದವರ ಕಣ್ಣಿಗೇ ಮೊದ್ಲು ತೋರ್ಸೋದು.

ಕ್ಯಾತ್ಸಂದ್ರ ಬಾಯ್:
ಕೇಸರಿ ಬಿಳಿ ಹಸಿರು ಹಾಕಿ ಮಧ್ಯ ಮಗು ಹೆಸ್ರು ಬರೀರಿ, ಸೂಪರಾಗಿರುತ್ತೆ

ಶಿರಾ ಟೈಲರ್:
ಬೇಡಪ್ಪ. ರಾಷ್ಟ್ರಧ್ವಜದ ಮೇಲೆ ಅಕ್ಷರ ಬರೆಯೋ ಹಾಗಿಲ್ಲ, 2002ರ ಧ್ವಜ ಸಂಹಿತೇಲೇ ಇದೆ. ಬೇರೆ ಬಣ್ಣ ಎಷ್ಟಿಲ್ಲ.

ಚಿಂತಾಮಣಿ ಟೀಚರ್ (ರಿಟೈರ್ಡ್):
ಪ್ರತಿ ವರ್ಷ ಹೊಸ ಬಾವುಟ ಯಾಕಮ್ಮ ಮಾಡ್ತೀರಿ. ನಾವು ಟಿ.ಸಿ.ಎಚ್. (ಟೀಚರ್ ಟ್ರೇನಿಂಗ್) ಮಾಡೋವಾಗ ಫ್ಲಾನೆಲ್ ಬೋರ್ಡ್ ಅಂತ ಇತ್ತು, ಮೆತ್ತನೆ ಜುಂಗು ಬಟ್ಟೆ ಹೊದಿಸಿದ ಹಲಗೆ, ಚಿತ್ರದ ಹಿಂದೆ ಉಪ್ಪು ಕಾಗದದ ಚೂರು ಅಂಟಿಸಿ ಬೋರ್ಡಿಗೆ ಇಟ್ರೆ ಕಚ್ಕೊಂಡು ನಿಲ್ತಿತ್ತು, ಪಾಠ ಮುಗಿದ್ಮೇಲೆ ತೆಗ್ದು ಬೇರೆ ಇಡೋದು. ಫೆಲ್ಟೂ ಅದೇ ಜಾತಿ. ಆದ್ರೆ ಬೋರ್ಡು ಸ್ವಲ್ಪ ಒರಗಿರುತ್ತೆ, ಬಾವುಟ ಮಗು ಕೈಲಿ ಆಡುತ್ತೆ, ಹಾಗಾಗಿ ಉಪ್ಪು ಕಾಗದ ಸಾಲಲ್ಲ, ವೆಲ್ಕ್ರೋ ತಗೊಳ್ಳಿ, ಅದರಲ್ಲಿ ಒರಟು ಪಟ್ಟಿ ಮಾತ್ರ ಸಾಕು, ಮೆತ್ತನೆ ಪಟ್ಟಿ ಕೆಲ್ಸ ಫೆಲ್ಟೇ ಮಾಡುತ್ತೆ. ‘ತರಗತಿ’ ಖಾಯಂ ಅಂಟಿಸಿ, ಅಂಕಿ ಮಾತ್ರ ವರ್ಷ ವರ್ಷ ಬದಲಾಯಿಸಿ. ತಮ್ಮನಿಗೆ ಒಂದನೇ ಕ್ಲಾಸಿಂದ ಅಕ್ಕನ ಬಾವುಟಾನೇ ಸರದಿ ಮೇಲೆ ಕೊಟ್ರೆ ಆಗುತ್ತೆ, ಅಂಕಿ ೧, ೨ ಮಾತ್ರ ಹೊಸದಾಗಿ ಮಾಡ್ಕೊಂಡ್ರಾಯ್ತು. ಅಂಕಿಗಳನ್ನೆಲ್ಲ ಒಂದು ಲಕೋಟೇಲಿ ಹಾಕಿ ಬಾವುಟದ ಜೊತೇಲೇ ಇಡಿ, ಇಲ್ಲಾಂದ್ರೆ ಮುಂದಿನ ವರ್ಷ ಮನೆ ಎಲ್ಲಾ ಹುಡುಕ್ತೀರಿ.

ಕೋಲಾರ ಫೋಟೋ:
ಫೋಟೋ ತೆಗೆಯೋರ ಕಡೆಯಿಂದ ಒಂದು ಮಾತು. ಕನ್ನಡ ಎಡದಿಂದ ಬಲಕ್ಕೆ ಓದೋದು, ಹಾಗಾಗಿ ಕಡ್ಡಿ ನೋಡೋರ ಎಡಕ್ಕೆ ಬರುತ್ತೆ. ಮಗು ಎಡಗೈಲಿ ಹಿಡಿದ್ರೆ ಬಾವುಟ ಮೈಯಿಂದ ಆಚೆ ಚಾಚುತ್ತೆ, ಯೂನಿಫಾರ್ಮ್ ಪೂರ್ತಿ ಕಾಣುತ್ತೆ, ಆಲ್ಬಮ್ಮಿಗೆ ಅದು ಚೆಂದ. ಬಲಗೈಲಿ ಎದೆ ಹತ್ರ ಹಿಡಿದ್ರೆ ಬಾವುಟ ಎದೆ ಮೇಲೇ ಬಂದು ಬ್ಯಾಡ್ಜು, ಐಡಿ ಕಾರ್ಡು ಮುಚ್ಚುತ್ತೆ, ಸ್ಟೇಟಸ್ಸಿಗೆ ಹಾಕೋದು ಅದನ್ನ. ಮಗು ಯಾವ ಸ್ಕೂಲು ಅಂತ ಊರಿಗೆಲ್ಲಾ ಯಾಕೆ ಗೊತ್ತಾಗ್ಬೇಕು. ಸೆಲ್ಫಿ ಕ್ಯಾಮೆರಾ ಬೇಡ, ಕೆಲವು ಫೋನಲ್ಲಿ ಅಕ್ಷರ ಕನ್ನಡಿ ಥರ ಉಲ್ಟಾ ಸೇವ್ ಆಗುತ್ತೆ. ಬೆಳಿಗ್ಗೆ ಸ್ಕೂಲಿಗೆ ಹೊರಡೋ ಟೈಮಿನ ಬೆಳಕು ಚೆನ್ನಾಗೇ ಇರುತ್ತೆ, ಗೇಟಿನ ನೆರಳಲ್ಲಿ ನಿಲ್ಸಿ, ಫ್ಲಾಷ್ ಆಫ್.

ಎಸ್ಐಟಿ ಬಡಾವಣೆ ಅಮ್ಮ:
ಎಲ್ರಿಗೂ ಥ್ಯಾಂಕ್ಸ್, ಟೀಚರ್, ಅಂಕಿ ಬದಲಾಯಿಸೋ ಐಡಿಯಾ ಅಂತೂ ಪಕ್ಕಾ ಮಾಡ್ತೀನಿ. ಈಗ ಹೊಸ ತಕರಾರು, ಮಗಳಿಗೆ ಬಾವುಟ ನೀಲಿನೇ ಬೇಕಂತೆ, ಯೂನಿಫಾರ್ಮೂ ನೀಲಿ, ಎರಡೂ ಒಂದರಲ್ಲೊಂದು ಸೇರ್ಕೊಂಡ್ಬಿಡುತ್ತಲ್ಲ?

ಶಿರಾ ಟೈಲರ್:
ನೀಲಿನೇ ಮಾಡಿ ಮೇಡಂ, ಮಗು ಮನಸ್ಸು ಯಾಕೆ ಮುರೀತೀರಿ. ಸುತ್ತ ಅರ್ಧ ಇಂಚು ಹಳದಿ ಫೆಲ್ಟ್ ಪಟ್ಟಿ ಕೊಡಿ, ಅಕ್ಷರಾನೂ ಹಳದೀಲೇ ಕತ್ತರಿಸಿ, ಬಿಡಿಸಿ ಕಾಣುತ್ತೆ.