ಆಟೋ ರೋಬೋಟ್ ಆಗೋ ವಿಡಿಯೋಗೆ ಬ್ಲೆಂಡರ್ ಸಾಕಾ? ಮಾಡಿದವರು ಹೇಳಿ

ಕೇಳಿದವರು, ದಾವಣಗೆರೆ: ಗಾಡಿಯಾಗಿ ಬದಲಾಗುವ ರೋಬೋಟ್‌ಗಳೆಂದರೆ ನನಗೆ ಚಿಕ್ಕಂದಿನಿಂದ ಹುಚ್ಚು. ಆಟೋ ಎದ್ದು ನಿಂತು ರೋಬೋಟ್ ಆಗುವ 30 ಸೆಕೆಂಡಿನ ವಿಡಿಯೋ ಮಾಡಬೇಕು. ಇರುವುದು 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪುಕ್ಕಟೆ ಸಾಫ್ಟ್‌ವೇರೇ ಆಗಬೇಕು. ಬ್ಲೆಂಡರ್ ಎಂಬ 3ಡಿ ಅನಿಮೇಶನ್ ಸಾಫ್ಟ್‌ವೇರ್ ಕಲಿಯಲಾ?

ಮೈಸೂರು: ಬ್ಲೆಂಡರ್‌ಗೆ ನಾನು ಒಂದು ಪೈಸೆ ಕೊಟ್ಟಿಲ್ಲ. ಆದರೆ ಅದಕ್ಕೋಸ್ಕರ 58,000 ಕೊಟ್ಟು ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸಿದೆ. ನನ್ನದೂ 30 ಸೆಕೆಂಡೇ. ಸೆಕೆಂಡಿಗೆ 24ರಂತೆ 720 ಫ್ರೇಮ್, ಅಂದರೆ ಬಿಡಿ ಚಿತ್ರ. ರೆಂಡರ್ ಮಾಡುವ, ಅಂದರೆ ಮಾಡೆಲ್‌ನಿಂದ ಅಂತಿಮ ಚಿತ್ರ ತೆಗೆಯುವ, ಬ್ಲೆಂಡರಿನ ಸೈಕಲ್ಸ್ ಎಂಜಿನ್‌ನಲ್ಲಿ ಫ್ರೇಮಿಗೆ 6 ನಿಮಿಷ, ಒಟ್ಟು 72 ಗಂಟೆ. ಎರಡು ರಾತ್ರಿ ಫ್ಯಾನ್ ಸದ್ದಿಗೆ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. 511ನೇ ಫ್ರೇಮಿಗೆ ಕರೆಂಟು ಹೋಯಿತು. ನೇರ ಎಂಪಿ4 ಆಗಿ ಸೇವ್ ಮಾಡುತ್ತಿದ್ದೆ, ಆ ಫೈಲ್ ಮತ್ತೆ ತೆರೆಯಲೇ ಇಲ್ಲ. ಅವತ್ತು ಊಟ ಸೇರಲಿಲ್ಲ. ಈಗ ಪ್ರತಿ ಫ್ರೇಮನ್ನೂ ಬೇರೆ ಪಿಎನ್‌ಜಿ ಮಾಡಿ, ಕೊನೆಗೆ ಜೋಡಿಸುತ್ತೇನೆ.

ಹುಬ್ಬಳ್ಳಿ: ಅಷ್ಟು ದುಡ್ಡು ಸುರಿಯೋದು ಯಾಕ್ರೀ? ನಾನು ಓಪನ್‌ಟೂನ್ಸ್ ಎಂಬ 2ಡಿ ಅನಿಮೇಶನ್ ಸಾಫ್ಟ್‌ವೇರಿನಲ್ಲಿ ಕೈಯಿಂದಲೇ ಬರೆದೆ. ಒಂದು ಚಿತ್ರ ಎರಡು ಫ್ರೇಮ್ ನಿಲ್ಲುತ್ತದೆ, ಹಾಗಾಗಿ 360 ಚಿತ್ರ. ಐದು ತಿಂಗಳು ಹಿಡಿಯಿತು. ರೋಬೋಟ್ ಭುಜ ತಿರುಗುವಾಗ ಅಳತೆ ತಪ್ಪಿ 40 ಚಿತ್ರ ಅಳಿಸಿದ್ದೇನೆ. ಆದರೂ ಅದರ ಒಂದೊಂದು ಗೆರೆಯೂ ನನ್ನದೇ.

ಮೈಸೂರು: ಐದು ತಿಂಗಳಿಗೆ ಬೆಲೆ ಇಲ್ವಾ? ಮೆಷಿನ್ನಿನ ಗಟ್ಟಿತನ ಆ ಮಕ್ಕಳ ಸಾಫ್ಟ್‌ವೇರಿನಲ್ಲಿ ಬರಲ್ಲ.

ಹುಬ್ಬಳ್ಳಿ: ಮಕ್ಕಳದ್ದಾ? ಜಪಾನಿನ ಅನಿಮೇಶನ್ ಸಂಸ್ಥೆ ಸ್ಟುಡಿಯೋ ಘಿಬ್ಲಿ ಬಳಸುತ್ತಿದ್ದ ಟೂನ್ಸ್ ಸಾಫ್ಟ್‌ವೇರಿನಿಂದ ಬಂದದ್ದು ಅದು. 2016ರಲ್ಲಿ ಎಲ್ಲರಿಗೂ ಪುಕ್ಕಟೆ ಸಿಕ್ಕಿತು. ತಿಳಿದು ಮಾತಾಡ್ರಿ.

ಬೆಂಗಳೂರು, ಜಯನಗರ: ಬ್ಲೆಂಡರಿನಲ್ಲಿ ನನಗೆ ನೋವು ಕೊಟ್ಟಿದ್ದು ರಿಗ್ಗಿಂಗ್, ಅಂದರೆ ಮಾಡೆಲ್ ಅಲ್ಲಾಡಲು ಒಳಗೆ ಬೋನ್ (ಮೂಳೆ) ಕೂರಿಸುವ ಕೆಲಸ. ಮನುಷ್ಯರ ಪಾಠ ನೋಡಿಕೊಂಡು ರೋಬೋಟ್‌ಗೂ ಆಟೋಮ್ಯಾಟಿಕ್ ವೇಟ್ಸ್ (ಯಾವ ಬೋನು ಎಲ್ಲಿ ಎಷ್ಟು ಎಳೆಯಬೇಕೆಂದು ಸಾಫ್ಟ್‌ವೇರೇ ಹಂಚುವುದು) ಹಾಕಿದೆ. ಕಬ್ಬಿಣದ ತೋಳು ರಬ್ಬರ್ ಪೈಪಿನ ಹಾಗೆ ಬಾಗಿತು. ಮೂರು ವಾರ ಆ ಹಂಚಿಕೆಯನ್ನು ಕೈಯಿಂದ (ವೇಟ್ ಪೇಂಟ್) ತಿದ್ದುತ್ತಾ ಕೂತೆ, ಮಗಳ ಪರೀಕ್ಷೆ ಸಮಯ ಬೇರೆ. ಬಾಗದ ಭಾಗಕ್ಕೆ ಅದರ ಅಗತ್ಯವೇ ಇಲ್ಲ! ಒಂದೊಂದು ಭಾಗವನ್ನು ಒಂದೊಂದು ಬೋನಿಗೆ ಪೇರೆಂಟ್ ಮಾಡಿದರೆ, ಅಂದರೆ ಕಟ್ಟಿಹಾಕಿದರೆ, ಮುಗಿಯಿತು. ಅದಕ್ಕೂ ಮೊದಲು ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ, ಅಂದರೆ ಹಿಗ್ಗಿಸಿ ಕುಗ್ಗಿಸಿದ ಅಳತೆಯನ್ನು ಖಾಯಂ ಮಾಡಿ. ನಾನು ಮಾಡದೆ ಮೊಣಕಾಲು ಸೊಟ್ಟಗಾಗಿ ಮತ್ತೆ ನಾಲ್ಕು ದಿನ ಹೋಯಿತು.

ಶಿವಮೊಗ್ಗ: ಕಂಪ್ಯೂಟರ್‌ನಲ್ಲಿ ರೋಬೋಟ್ ಕಟ್ಟುವುದೇ ಬೇಡ. 2,300 ಕೊಟ್ಟು ಆಟಿಕೆ ತಂದೆ. ಸೆಕೆಂಡಿಗೆ 12 ಫೋಟೋ, ಫೋನಿನಲ್ಲೇ ತೆಗೆದೆ. ಎಕ್ಸ್‌ಪೋಶರ್ ಲಾಕ್ ಮಾಡದೆ ಮೊದಲ 200 ಫೋಟೋ ಹಾಳು, ಒಂದು ಬೆಳಕು, ಒಂದು ಕತ್ತಲು. ಮಂಡಿಯ ಕೀಲು ಸಡಿಲವಾಗಿ ಗಳಿಗೆಗೊಮ್ಮೆ ಬೀಳುತ್ತಿತ್ತು. ಫೋಟೋಗಳನ್ನು ವಿಡಿಯೋ ಆಗಿ ಜೋಡಿಸಲು ಮಾತ್ರ ಬ್ಲೆಂಡರ್.

ಮೈಸೂರು: ಕೇಳಿದ್ದು ಅನಿಮೇಶನ್ ಬಗ್ಗೆ, ಆಟಿಕೆ ಫೋಟೋ ಬಗ್ಗೆ ಅಲ್ಲ.

ಶಿವಮೊಗ್ಗ: ಇದೂ ಅನಿಮೇಶನ್ನೇ ಸ್ವಾಮಿ. 360 ಸಲ ಬಗ್ಗಿ ಎದ್ದ ಬೆನ್ನು ನನ್ನದು.

ತುಮಕೂರು: ಜಗಳದಲ್ಲಿ ಒಂದು ಮಾತು ಬಿಟ್ಟುಹೋಯಿತು. ನಾನು ನೆಟ್ಟಿನಿಂದ ಇಳಿಸಿದ ಮಾಡೆಲ್ ಬಳಸಿದೆ, 'ಹಣ ಮಾಡುವಂತಿಲ್ಲ' ಎಂಬ ಷರತ್ತು ಓದಲಿಲ್ಲ. ಜಾಹೀರಾತು ಹಾಕಿದೆ, ದೂರು ಬಂತು, ವಿಡಿಯೋ ಹೋಯಿತು. ಎಂಟು ತಿಂಗಳ ಕೆಲಸ.

ಜಯನಗರ: ಅದಕ್ಕೇ ಸ್ವಂತ ಮಾಡೆಲ್ ಮಾಡಬೇಕು.

ತುಮಕೂರು: ಮೇಡಂ, ಕಂಪನಿಯ ರೋಬೋಟನ್ನು ನೀವೇ ಕಟ್ಟಿದರೂ ವಿನ್ಯಾಸ ಅವರದ್ದೇ. ಕೇಳಿದವರ ಆಟೋ ರೋಬೋಟ್ ಅವರದೇ ಕಲ್ಪನೆ ಆದ್ರೆ ಬೇರೆ ಮಾತು.

ಹುಬ್ಬಳ್ಳಿ: ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಕೊಡಲ್ಲ, ಅದೇ ರೋಗ.

ಮೈಸೂರು: ಇದಕ್ಕೆ ನನ್ನ ಒಪ್ಪಿಗೆ ಇದೆ. ಬ್ಲೆಂಡರ್ ನಮಗೆ ಸಿಕ್ಕಿದ್ದು 2002ರಲ್ಲಿ ಬಳಸುವವರೇ 1 ಲಕ್ಷ ಯೂರೋ ಕೂಡಿಸಿ ಅದರ ಕೋಡ್ ಬಿಡಿಸಿಕೊಂಡಿದ್ದರಿಂದ.

ಕೇಳಿದವರು: ಎಲ್ಲರಿಗೂ ಧನ್ಯವಾದ. ನನ್ನ ಲ್ಯಾಪ್‌ಟಾಪಿನಲ್ಲಿ ಆಗುತ್ತಾ ಅಂತ ಯಾರೂ ಹೇಳಲಿಲ್ಲ.

ಜಯನಗರ: ಸೈಕಲ್ಸ್ ಬಿಡಿ, ಬ್ಲೆಂಡರಿನಲ್ಲೇ ಇರುವ ವೇಗದ ರೆಂಡರ್ ಎಂಜಿನ್ ಈವಿ ಬಳಸಿ. ಭಾಗಗಳು ಕಡಿಮೆ ಇರಲಿ. ಮೊದಲು ಬರೀ ಮುಂದಿನ ಚಕ್ರ ಮಡಚುವ 3 ಸೆಕೆಂಡ್ ಮಾಡಿ ನೋಡಿ.

ಶಿವಮೊಗ್ಗ: ಮೈಸೂರಿನವರೇ, ಆಮೇಲೆ ಯುಪಿಎಸ್ ತಗೊಂಡ್ರಾ?

ಮೈಸೂರು: ತಗೊಂಡೆ, 4,800. ರೆಂಡರ್ ನಡೆಯುವಾಗ ಹನ್ನೊಂದು ನಿಮಿಷ ತಡೆಯುತ್ತದೆ. ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಒಂದು ಗಂಟೆ.